ನರಗುಂದಕ್ಕೆ ಹೋದ ಫೋಟೊ

ಎರಡು ಸಾವಿರದ ಏಳನೆಯ ಇಸವಿಯಲ್ಲಿ ಗಜೇಂದ್ರಗಡದಲ್ಲಿ ಕಪ್ಪು ಬಣ್ಣದ ಹೆಣ್ಣುಮಕ್ಕಳು ಒಬ್ಬರೂ ಇರಲಿಲ್ಲ. ತಮಾಷೆಯಲ್ಲ, ಬಸ್‌ಸ್ಟ್ಯಾಂಡಿನ ಎದುರು ನಜೀರಸಾಬನ ಸ್ಟುಡಿಯೋದ ಗಾಜಿನ ಕಪಾಟು ನೋಡಿದ್ದರೆ ನೀವೂ ಹಾಗೇ ಅನ್ನುತ್ತಿದ್ದಿರಿ. ಮದುಮಗಳು, ಮದುವೆಗೆ ಬಂದ ಹುಡುಗಿ, ಕೂಸು, ಕೂಸನ್ನು ಎತ್ತಿಕೊಂಡ ಅಜ್ಜಿ, ಎಲ್ಲರೂ ಹಿಟ್ಟಿನ ಗಿರಣಿಯಿಂದ ನೆಟ್ಟಗೆ ಎದ್ದು ಬಂದವರ ಹಾಗೆ ಬೆಳ್ಳಗೆ ಕೂತಿದ್ದರು. ಹೊರಗೆ ಗುಡ್ಡದ ಕಲ್ಲು ಕಾದು ಸಿಡಿಯುವಂಥ ಬಿಸಿಲು. ಆ ಬಿಸಿಲಿನಲ್ಲಿ ಹುಟ್ಟಿ, ಆ ಬಿಸಿಲಿನಲ್ಲೇ ಕಳೆ ಕಿತ್ತು ಬೆಳೆದ ಜನ ಫೋಟೊದೊಳಗೆ ಹೋದದ್ದೇ ತಡ ಕಾಶ್ಮೀರದವರಾಗಿಬಿಡುತ್ತಿದ್ದರು.

ಈ ಪವಾಡ ಮಾಡುತ್ತಿದ್ದವಳು ನಜೀರಸಾಬನ ಮಗಳು ತಬಸ್ಸುಮ. ಮಾಡಿ ಮಾಡಿ ಅವಳಿಗೆ ಸಾಕುಸಾಕಾಗಿ ಹೋಗಿತ್ತು.

ಅವಳಿಗೆ ಆಗ ಇಪ್ಪತ್ತಾರು. ಗಂಡ ಉಮರನದು ಅದೇ ಸಾಲಿನಲ್ಲಿ ಪಂಕ್ಚರ್ ಅಂಗಡಿ. ಅಪ್ಪನಿಗೆ ಕಣ್ಣಲ್ಲಿ ಪೊರೆ ಬಂದು, ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದುವ ಹಳೆಯ ವಿದ್ಯೆ ಕೈಬಿಟ್ಟುಹೋಗಿತ್ತು. ಅದೇ ಹೊತ್ತಿಗೆ ಡಿಜಿಟಲ್ ಕ್ಯಾಮೆರಾವೂ ಬಂದು, ಅವನು ಅಂಗಡಿ ಮುಚ್ಚುವ ಮಾತಾಡತೊಡಗಿದಾಗ, ಮಗಳು ದಿನಾ ರೋಣದ ಬಸ್ಸು ಹತ್ತಿ ಮೂರು ತಿಂಗಳು ಕಂಪ್ಯೂಟರ್ ಕಲಿತು ಬಂದಳು. ಅಲ್ಲಿಂದ ಈಚೆಗೆ ಅಂಗಡಿಯ ನಡುವೆ ಇಳಿಬಿಟ್ಟ ಪರದೆಯ ಆ ಕಡೆ ಅಪ್ಪ ಫೋಟೊ ಹೊಡೆಯುವುದು, ಈ ಕಡೆ ಮಗಳು ಅದನ್ನು ತೊಳೆದು ಬಳಿದು ಕೊಡುವುದು. ಮನೆಯಲ್ಲಿ ಉರ್ದು ಮಾತಾಡುವ ಅಪ್ಪ-ಮಗಳು ಅಂಗಡಿಯಲ್ಲಿ ಮಾತ್ರ ಕನ್ನಡದಲ್ಲೇ ಜಗಳಾಡುತ್ತಿದ್ದರು. ಇಲ್ಲದಿದ್ದರೆ ಗಿರಾಕಿಗಳು ತಮ್ಮ ಮುಖದ ಬಗ್ಗೆಯೇ ಏನೋ ಆಡಿಕೊಳ್ಳುತ್ತಿದ್ದಾರೆಂದು ತಿಳಿಯುತ್ತಾರೆ ಎನ್ನುವುದು ನಜೀರಸಾಬನ ಹೆದರಿಕೆ.

ನಜೀರಸಾಬ ಆರ್ಡರಿನ ಲಕೋಟೆಯ ಮೇಲೆ ಹೆಸರು, ಸೈಜು ಬರೆದು ಮೂಲೆಯಲ್ಲಿ ಒಂದು ಗುರುತು ಹಾಕುತ್ತಿದ್ದ. 'ಬೆ' ಎಂದರೆ ಬೆಳ್ಳಗೆ, 'ಭಾಬೆ' ಎಂದರೆ ಭಾಳ ಬೆಳ್ಳಗೆ. ಹೆಣ್ಣು ತೋರಿಸುವ ಫೋಟೊಗಳಿಗೆ ಎರಡನೆಯದೇ ಕಾಯಂ. ತಬಸ್ಸುಮ ಲಕೋಟೆ ನೋಡುತ್ತಿದ್ದಳು, ಕಂಪ್ಯೂಟರ್ ತೆರೆಯ ಮೇಲಿನ ಬೆಳಕಿನ ಗುಂಡಿಯನ್ನು ಬಲಕ್ಕೆ ಎಳೆಯುತ್ತಿದ್ದಳು, ಅಲ್ಲಿಗೆ ಕೆಲಸ ಮುಗಿಯಿತು. ಮುಖವೇನೋ ಬೆಳ್ಳಗಾಗುತ್ತಿತ್ತು. ಅದರ ಸಂಗಡ ಮೂಗುತಿ ಹೋಗುತ್ತಿತ್ತು, ಹುಬ್ಬು ಹೋಗುತ್ತಿತ್ತು, ಸೀರೆಯ ದಡಿ ಹೋಗುತ್ತಿತ್ತು. ಹೋದರೆ ಹೋಗಲಿ, ಅದು ಯಾರಿಗೆ ಬೇಕಾಗಿತ್ತು? ಒಬ್ಬ ಗಿರಾಕಿಯಾದರೂ, "ನಮ್ಮ ಹುಡುಗಿ ಮೂಗ ಎಲ್ಲಿ ಹೋತ್ರಿ?" ಎಂದು ಕೇಳಿದ್ದಿದ್ದರೆ ಆ ಪುಣ್ಯಾತ್ಮನ ಕಾಲಿಗೆ ತಬಸ್ಸುಮ ನಮಸ್ಕಾರ ಮಾಡುತ್ತಿದ್ದಳು.

ಆ ವರ್ಷ ಶ್ರಾವಣ ಕಳೆದ ಮೇಲೆ ಒಂದು ಮಧ್ಯಾಹ್ನ ಶೈಲಶ್ರೀ ಒಬ್ಬಳೇ ಅಂಗಡಿಗೆ ಬಂದಳು. ಇವಳು ಸೀರೆ ನೇಯುವ ನಿಜಲಿಂಗಪ್ಪನ ಮಗಳು, ಶಾಲೆಯಲ್ಲಿ ಏಳನೆಯ ಇಯತ್ತೆಯ ತನಕ ತಬಸ್ಸುಮಳ ಜೊತೆ ಒಂದೇ ಬೆಂಚಿನಲ್ಲಿ ಕೂತವಳು. ವರನ ಕಡೆಯವರಿಗೆ ಕಳಿಸುವ ಅವಳ ಫೋಟೊ ಇದೇ ಅಂಗಡಿಯಲ್ಲಿ ಮೂರು ಸಲ ಆಗಿತ್ತು, ಮೂರೂ ಸಲ 'ಭಾಬೆ'. ಸೂಡಿಯವರು ಬಂದರು, ಮುಶಿಗೇರಿಯವರು ಬಂದರು, ನರೇಗಲ್ಲಿನವರು ಬಂದರು. ಎಲ್ಲರೂ ಫೋಟೊ ನೋಡಿ ಹಿಗ್ಗಿ ಬಂದವರೇ. ಒಗ್ಗರಣೆ ಚುರುಮುರಿ ತಿಂದರು, ಚಹಾ ಕುಡಿದರು, ಹುಡುಗಿಯ ಮುಖ ನೋಡಿದರು, ಆಮೇಲೆ ಜೇಬಿನಿಂದ ಫೋಟೊ ತೆಗೆದು ಇನ್ನೊಮ್ಮೆ ನೋಡಿದರು. ವಾರದೊಳಗೆ ಫೋಟೊ ವಾಪಸು ಬಂತು. ಫೋಟೊ ವಾಪಸು ಬಂದರೆ ಹುಡುಗಿ ಬೇಡವೆಂದರ್ಥ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ.

"ಮುಶಿಗೇರಿ ಮುದುಕಿ ಏನಂದ್ಳು ಗೊತ್ತೈತೇನ?" ಎಂದಳು ಶೈಲಶ್ರೀ, ಸ್ಟೂಲಿನ ಮೇಲೆ ಕೂತು. "ಇಕಿ ದೊಡ್ಡ ಮಗಳೇನ್ರಿ, ಫೋಟೋದಾಗಿನ ಸಣ್ಣಾಕಿನ್ನ ಕರೀರಿ ಅಂದ್ಳು. ನಮ್ಮನ್ಯಾಗ ಇರೂ ಹೆಣ್ಮಗಳು ನಾ ಒಬ್ಬಾಕೀನ."

ತಬಸ್ಸುಮಳಿಗೆ ನಗು ಬಂತು, ನಗು ಬಂದದ್ದಕ್ಕೆ ನಾಚಿಕೆಯೂ ಆಯಿತು. ಇಲ್ಲದ ಆ ಸಣ್ಣ ಮಗಳನ್ನು ಹುಟ್ಟಿಸಿದವಳು ಅವಳೇ ಅಲ್ಲವೇ?

"ಈಗ ನರಗುಂದದಾವ್ರು ಕೇಳ್ಯಾರ," ಎಂದಳು ಶೈಲಶ್ರೀ. "ಹುಡುಗನ ಹೆಸರ ಶರತ. ಅರಿವಿ ಅಂಗಡ್ಯಾಗ ಅದಾನ. ಇದೂ ಮುರೀತು ಅಂದ್ರ ನನ್ನ ಜಕ್ಕಲಿ ಮಾವಗ ಕೊಡ್ತಾರ. ದೀಪಾವಳಿ ತನಕ ನೋಡ್ತೇನಿ, ಆಮ್ಯಾಲೆ ನನ್ನ ತಮ್ಮನ ಅಂತ ಹೇಳ್ಯಾಳ ನಮ್ಮವ್ವ."

ಜಕ್ಕಲಿಯ ಮಾವ ಎಂದರೆ ಅವಳ ತಾಯಿ ಗಾಳೆವ್ವನ ಖಾಸಾ ತಮ್ಮ. ವಯಸ್ಸು ನಲವತ್ತೈದು, ಹೆಂಡತಿ ತೀರಿ ವರ್ಷವಾಗಿತ್ತು, ಇಬ್ಬರು ಮಕ್ಕಳು. ಕೆಟ್ಟವನೇನಲ್ಲ. ಆದರೆ ಅವನ ಹೆಗಲ ಮೇಲೆ ಕೂತು ಶೈಲಶ್ರೀ ಒಂದನೆಯ ಇಯತ್ತೆಗೆ ಹೋಗಿದ್ದಳು. ಆ ಹೆಗಲನ್ನು ಗಂಡನದೆಂದು ತಿಳಿಯುವುದು ಹೇಗೆ?

"ಈ ಸಲ ನನ್ನ ಇದ್ದಾಂಗ ತೆಗಿ, ತಬಸ್ಸುಮ. ಕಪ್ಪದಾಳ ಅಂತ ಗೊತ್ತಿದ್ದಾವ್ರ ಬರ್ಲಿ. ಬಂದು ಕುಂತು, ತಿಂದು, ಆಮ್ಯಾಲೆ ಮಾರಿ ಸಣ್ಣ ಮಾಡೂದು ಬ್ಯಾಡ."

"ತೆಗೀತೇನಿ," ಎಂದಳು ತಬಸ್ಸುಮ. ಎಷ್ಟು ಸಲೀಸಾಗಿ ಅಂದುಬಿಟ್ಟಳು!

ಇದ್ದ ಹಾಗೆ ತೆಗೆಯುವುದೆಂದರೆ ಏನೂ ಮಾಡದೆ ಬಿಡುವುದು ಎಂದುಕೊಂಡವರು ಕ್ಯಾಮೆರಾ ಮುಟ್ಟಿದವರೇ ಅಲ್ಲ. ಮಾರನೆಯ ದಿನ ಗಾಳೆವ್ವ ಮಗಳನ್ನು ಸಿಂಗರಿಸಿ ಕರೆತಂದಳು. ಜಡೆಯನ್ನು ಮುಂದೆ ಇಳಿಬಿಡಿಸಿ, ಪ್ಲಾಸ್ಟಿಕ್ ಹೂವಿನ ಕುಂಡದ ಪಕ್ಕ ನಿಲ್ಲಿಸಿ, ಲಕೋಟೆಯ ಮೇಲೆ ಎಂದಿನಂತೆ 'ಭಾಬೆ' ಬರೆಸಿ ಹೋದಳು. ಉಟ್ಟದ್ದು ಶೈಲಶ್ರೀ ತಾನೇ ನೇಯ್ದ ಗಂಧದ ಬಣ್ಣದ ಸೀರೆ. ತಬಸ್ಸುಮ ಚಿತ್ರವನ್ನು ತೆರೆಯ ಮೇಲೆ ತೆರೆದು ನೋಡಿದರೆ, ಸೀರೆ ದೀಪದ ಹಾಗೆ ಉರಿಯುತ್ತಿದೆ, ಮುಖ ಇದ್ದಿಲ ಗುಂಡಿ. ಬೆಳಕಿನ ಗುಂಡಿಯನ್ನು ಬಲಕ್ಕೆ ಎಳೆದರೆ ಮುಖ ಕಾಣುತ್ತದೆ, ಸೀರೆ ಸುಣ್ಣವಾಗುತ್ತದೆ. ಎಡಕ್ಕೆ ಎಳೆದರೆ ಸೀರೆ ಬರುತ್ತದೆ, ಹುಡುಗಿ ಹೋಗುತ್ತಾಳೆ. ಶೈಲಶ್ರೀಯದು ಇದ್ದಿಲ ಬಣ್ಣವಲ್ಲ. ಎಣ್ಣೆಗಪ್ಪು, ನಯವಾದದ್ದು, ನಕ್ಕರೆ ಕೆನ್ನೆಯ ಏರಿನ ಮೇಲೆ ಬೆಳಕು ಬಂದು ನಿಲ್ಲುತ್ತಿತ್ತು. ಕ್ಯಾಮೆರಾಕ್ಕೆ ಅದು ಗೊತ್ತಿರಲಿಲ್ಲ. ಬೆಳ್ಳನೆಯವರಿಗಾಗಿ ಯಾರೋ ಎಲ್ಲೋ ಮಾಡಿದ ಯಂತ್ರ ಅದು, ಅದಕ್ಕೇನು ಗೊತ್ತಾಗಬೇಕು?

ಸೈಬರ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ್ದ ನಾಲ್ಕು ಇಂಗ್ಲಿಷ್ ಹಾಳೆಗಳು ಅವಳ ಹತ್ತಿರ ಇದ್ದವು. ಮೂರನೆಯದರಲ್ಲಿ ಶಾಯಿ ಸಾಲದೆ ಅರ್ಧ ಅಕ್ಷರ ಬಿದ್ದೇ ಇರಲಿಲ್ಲ. ಚಿತ್ರದ ಬೆಳಕನ್ನೇ ಮಾಸ್ಕ್, ಅಂದರೆ ಮುಸುಕು, ಮಾಡಿಕೊಳ್ಳುವ ವಿಧಾನ ಆ ಹಾಳೆಗಳಲ್ಲಿತ್ತು. ಕೀಬೋರ್ಡಿನ ಮೂರು ಕೀಲಿ ಒಟ್ಟಿಗೆ ಒತ್ತಿದರೆ ಚಿತ್ರ ತನ್ನೊಳಗಿನ ಬೆಳಕನ್ನು ತಾನೇ ಆಯ್ದುಕೊಳ್ಳುತ್ತದೆ. ಹೆಚ್ಚು ಬೆಳಕಿದ್ದಲ್ಲಿ ಪೂರ್ತಿ, ಮಂದವಿದ್ದಲ್ಲಿ ಅರ್ಧ, ಕತ್ತಲಿದ್ದಲ್ಲಿ ಏನೂ ಇಲ್ಲ. ಅದನ್ನು ಉಲ್ಟಾ ತಿರುವಿದರೆ ಕತ್ತಲಿನ ಭಾಗ ಸಿಗುತ್ತದೆ. ಆಮೇಲೆ ಎಷ್ಟು ಬೆಳಕು ಸುರಿದರೂ ಆ ಮುಸುಕು ಜರಡಿಯ ಹಾಗೆ ಹಿಡಿದು, ಬೇಕಾದಲ್ಲಿ ಬೇಕಾದಷ್ಟನ್ನೇ ಕೆಳಗೆ ಬಿಡುತ್ತದೆ. ಬ್ರಷ್ಷಿನಿಂದ ಮುಖದ ಸುತ್ತ ಬಳಿದರೆ ಅಂಚು ಕಾಣುತ್ತದೆ, ಇದರಲ್ಲಿ ಅಂಚೇ ಇಲ್ಲ. ಹಾಳೆಯ ಮೇಲೆ ಓದುವಾಗ ಎಲ್ಲ ಚಂದವೇ ಇತ್ತು.

ಮೊದಲ ದಿನ ತಿರುವುವುದನ್ನು ಮರೆತಳು. ಬೆಳಕೆಲ್ಲ ಸೀರೆಯ ಮೇಲೆ ಬಿದ್ದು ಹುಡುಗಿ ಇನ್ನೂ ಒಳಗೆ ಹೋದಳು. ಹಾಳೆಯನ್ನೇ ಬೈದು, ಮೂರು ಸಲ ಮಾಡಿ, ನಾಲ್ಕನೆಯ ಸಲ ತಿರುವಿದಳು. ಮುಖ ಮೇಲೆ ಬಂತು. ಬಂತಲ್ಲಾ ಎಂದು ಕುರ್ಚಿಗೆ ಒರಗಿ ನೋಡಿದರೆ, ಮುಖದ ಸಂಗಡ ಜಡೆಯೂ ಬಂದಿತ್ತು. ಮುಸುಕಿಗೆ ಕತ್ತಲು ಗೊತ್ತು, ಕೂದಲು ಯಾವುದು ಕೆನ್ನೆ ಯಾವುದು ಅದಕ್ಕೆ ಗೊತ್ತಿಲ್ಲ. ಇಪ್ಪತ್ತಾರರ ಹುಡುಗಿಗೆ ಬೂದಿ ಬಣ್ಣದ ಅರವತ್ತರ ಜಡೆ ಜೋತುಬಿದ್ದಿತ್ತು. ತಬಸ್ಸುಮ ಮೌಸನ್ನು ಮೇಜಿಗೆ ಕುಕ್ಕಿದಳು.

"ಅದರ ಮ್ಯಾಲೆ ಯಾಕ ಸಿಟ್ಟ ತೀರಿಸ್ತೀ, ಬೇಟಾ?" ಎಂದ ನಜೀರಸಾಬ ಪರದೆಯ ಆಚೆಯಿಂದ. "ಎರಡು ಲಗ್ನದ ಆಲ್ಬಮ್ ಕುಂತಾವ. ನೀ ಒಂದ ಹುಡುಗಿ ಮಾರಿ ಹಿಡಕೊಂಡು ದಿನಾ ಕಳ್ಯಾಕತ್ತಿ."

"ಮೂರ ಸಲ ಇದ ಹುಡುಗಿ ಮಾರಿ ಕೆಡಿಸಿ ಕೊಟ್ಟೇವಿ ಅಬ್ಬಾ, ನೆನಪೈತೇನ?"

"ನಾವ್ಯಾಕ ಕೆಡಿಸೇವಿ? ಅವರು ಕೇಳಿದ್ದು ಕೊಟ್ಟೇವಿ."

ಕಡುಗತ್ತಲನ್ನು ಬಿಟ್ಟು, ನಡುವಿನ ಕತ್ತಲನ್ನಷ್ಟೇ ಹಿಡಿಯಬೇಕಿತ್ತು. ಹಾಗೆ ಮಾಡುವ ರೀತಿ ಮೂರನೆಯ ಹಾಳೆಯಲ್ಲಿ, ಆ ಬೀಳದ ಅಕ್ಷರಗಳಲ್ಲಿಯೇ ಇತ್ತು. ಎರಡನೆಯ ದಿನ ಕೀಲಿಗಳನ್ನು ಒಂದರ ಜೊತೆ ಒಂದು ಒತ್ತಿ ಒತ್ತಿ ಹುಡುಕಿದಳು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಜಡೆ ಕಪ್ಪಗೇ ಉಳಿಯಿತು, ಕೆನ್ನೆ ಎದ್ದಿತು, ಸೀರೆಯ ದಡಿಯ ಒಂದೊಂದು ಎಳೆ ಎಣಿಸಬಹುದಿತ್ತು. ಸೇವ್ ಮಾಡಬೇಕು ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಎಂಬ ಡಬ್ಬಿ ಒಂದು ಸಲ ಕೀಂ ಅಂದು ಸತ್ತಿತು. ಆಗ ಅವಳ ಬಾಯಿಂದ ಬಂದ ಮಾತು ಉರ್ದುವಿನದು, ಇಲ್ಲಿ ಬರೆಯುವಂಥದ್ದಲ್ಲ.

ಮೂರನೆಯ ದಿನ ಎಲ್ಲವನ್ನೂ ಮೊದಲಿನಿಂದ ಮಾಡಿ ಸಿಡಿಗೆ ಹಾಕಿದಳು. ಪ್ರಿಂಟ್ ಆಗುವುದು ಗದಗಿನ ಕಲರ್ ಲ್ಯಾಬಿನಲ್ಲಿ. ಬೆಳಗಿನ ಬಸ್ಸಿನ ಕಂಡಕ್ಟರನ ಕೈಗೆ ಸಿಡಿ ಕೊಟ್ಟರೆ ಸಂಜೆಯ ಬಸ್ಸಿಗೆ ಫೋಟೊ ಬರುತ್ತಿದ್ದವು. ನಾಲ್ಕನೆಯ ದಿನ ಸಂಜೆ ಲಕೋಟೆ ಹರಿದು ನೋಡಿದರೆ ಒಳಗೆ ಒಬ್ಬಳು ಬಿಳಿ ಹುಡುಗಿ ನಗುತ್ತಿದ್ದಳು. ಎಸ್‌ಟಿಡಿ ಬೂತಿನಿಂದ ಫೋನು ಮಾಡಿದಾಗ ಲ್ಯಾಬಿನವನು ಬಹಳ ಪ್ರೀತಿಯಿಂದ ಹೇಳಿದ, "ಸ್ವಲ್ಪ ಡಾರ್ಕ್ ಬಂದಿತ್ರಿ ಮೇಡಂ, ನಾನ ತಿದ್ದೇನಿ ನೋಡ್ರಿ." ತಬಸ್ಸುಮ ರಿಸೀವರನ್ನು ಕಿವಿಯಿಂದ ತೆಗೆದು ಅದರ ಮುಖವನ್ನೇ ನೋಡಿದಳು. ಮೂರು ದಿನ ಅವಳು ಜೀವ ತೇದಿದ್ದನ್ನು ಆ ಪುಣ್ಯಾತ್ಮ ಒಂದು ಬಟನ್ನಿನಲ್ಲಿ ಒರೆಸಿ ಹಾಕಿದ್ದ, ಅದೂ ಉಪಕಾರವೆಂದು.

ಮರುದಿನ ಅವಳೇ ಗದಗಿಗೆ ಹೋದಳು. ಲ್ಯಾಬಿನವನ ತಲೆಯ ಹಿಂದೆ ನಿಂತು, "ಏನೂ ಮುಟ್ಟಬ್ಯಾಡ್ರಿ, ಇದ್ದದ್ದನ್ನ ಇದ್ದಾಂಗ ಹಾಕ್ರಿ," ಎಂದು ಐದಾರು ಸಲ ಹೇಳಿದಳು. ಹಳೆಯ ರೀತಿಯ 'ಭಾಬೆ'ಯದೊಂದು, ಮುಸುಕಿನದೊಂದು, ಎರಡೂ ಹಾಕಿಸಿದಳು. ವಾಪಸು ಬರುವಾಗ ಬಸ್ಸಿನ ಕಿಟಕಿಯ ಬೆಳಕಿನಲ್ಲಿ ಎರಡನೆಯದನ್ನು ತೆಗೆದು ತೆಗೆದು ನೋಡಿದಳು. ಅದು ಶೈಲಶ್ರೀಯೇ. ಕಪ್ಪು ಹುಡುಗಿ, ಮೂಗುತಿಯ ಹರಳಿನ ಪಕ್ಕ ಸಣ್ಣ ಮಿಂಚು, ಕೆಳತುಟಿಯ ಕೆಳಗೆ ಬಾಲ್ಯದಲ್ಲಿ ಬಿದ್ದ ಗಾಯದ ಗೆರೆ. ತನ್ನ ಕೈಯಿಂದ ಇಂಥದ್ದೊಂದು ಆದೀತೆಂದು ಅವಳು ಎಣಿಸಿರಲಿಲ್ಲ. ಸಂತೋಷಕ್ಕೆ ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸಿಗೂ ತೋರಿಸಿದಳು. ಆಕೆ ನೋಡಿ, "ಚಲೋ ಅದಾಳ. ಒಂದಿಷ್ಟ ಬಣ್ಣ ಕಡಿಮಿ," ಎಂದಳು.

ಮುಂದಿನದನ್ನು ಗೆಳತಿಯರಿಬ್ಬರೂ ಸೇರಿ ಮಾಡಿದರು. ಗಾಳೆವ್ವ ಬಿಳಿಯ ಫೋಟೊ ನೋಡಿ ತೃಪ್ತಿಪಟ್ಟು, ಲಕೋಟೆಯ ನಾಲ್ಕು ಮೂಲೆಗೆ ಅರಿಸಿಣ ಹಚ್ಚಿ ದೇವರ ಮುಂದೆ ಇಟ್ಟಳು. ಸೋಮವಾರ ಬೆಳಿಗ್ಗೆ ತಾಯಿ ನೀರಿಗೆ ಹೋದಾಗ ಶೈಲಶ್ರೀ ಒಳಗಿನ ಬಿಳಿ ಫೋಟೊ ತೆಗೆದು ಒಲೆಗೆ ಹಾಕಿ, ಮುಸುಕಿನದನ್ನು ಇಟ್ಟು, ಅನ್ನದ ಅಗುಳಿನಿಂದ ಲಕೋಟೆ ಅಂಟಿಸಿದಳು. ಸಂಬಂಧ ಕುದುರಿಸುವ ಮುದುಕವ್ವ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ನರಗುಂದದ ಬಸ್ಸು ಹತ್ತಿದಳು.

ಒಂದು ವಾರವಾಯಿತು, ಸುದ್ದಿಯಿಲ್ಲ. ಎರಡು ವಾರವಾಯಿತು. ಸುದ್ದಿ ಬರದಿರುವುದು ಒಳ್ಳೆಯದಕ್ಕೇ, ಫೋಟೊ ಇನ್ನೂ ವಾಪಸು ಬಂದಿಲ್ಲವಲ್ಲ ಎಂದು ತಬಸ್ಸುಮ ಲೆಕ್ಕ ಹಾಕಿದಳು. ಶರತ ಎನ್ನುವ ಆ ಹುಡುಗ ಅರಿವೆ ಅಂಗಡಿಯಲ್ಲಿರುವವನು, ದಡಿ ನೋಡಿದರೆ ನೇಯ್ಗೆ ತಿಳಿಯುತ್ತದೆ, ಮುಖ ನೋಡಿದರೆ ಮುಖ ತಿಳಿಯದೇ ಇರುತ್ತದೆಯೇ? ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಉಮರ ಊಟಕ್ಕೆ ಕೂತಾಗಲೂ ಅದೇ ಮಾತು. "ಮದವಿ ಅವರದು, ಚಿಂತಿ ನಿನ್ನದು," ಎಂದು ಅವನು ನಗುತ್ತಿದ್ದ.

ಹದಿನೆಂಟನೆಯ ದಿನ ಗಾಳೆವ್ವ ಅಂಗಡಿಗೆ ಬಂದಳು. ಬಾಗಿಲಲ್ಲಿ ಚಪ್ಪಲಿ ಸಹ ಬಿಡಲಿಲ್ಲ. ನರಗುಂದದಿಂದ ವಾಪಸು ಬಂದ ಫೋಟೊವನ್ನು ನಜೀರಸಾಬನ ಮುಂದೆ ಇಟ್ಟಳು.

"ನಜೀರಣ್ಣಾ, ಇದೇನ ನಿಮ್ಮ ಕೆಲಸ? ನಿಮಗ ನಾವ್ ಏನ್ ಅನ್ಯಾಯ ಮಾಡಿದ್ವಿ?"

ನಜೀರಸಾಬ ಪೊರೆಗಣ್ಣಿನ ಹತ್ತಿರ ಹಿಡಿದು ನೋಡಿದ. ಅವನಿಗೆ ಏನೂ ಗೊತ್ತಿರಲಿಲ್ಲ. ತಬಸ್ಸುಮ ಪರದೆ ಸರಿಸಿ ಹೊರಗೆ ಬಂದಳು.

"ನಾ ಮಾಡೇನಿ ಚಿಗವ್ವಾ. ಅದು ಕೆಟ್ಟ ಫೋಟೊ ಅಲ್ಲ. ನಿಮ್ಮ ಮಗಳು ಇರೂದ ಹಾಂಗ."

"ನನ್ನ ಮಗಳ ಬಣ್ಣ ನನಗ ಗೊತ್ತಿಲ್ಲೇನ? ಹಡದಾಕಿ ನಾನು. ಅದನ್ನ ನರಗುಂದಕ್ಕ ಹೋಗಿ ಹೇಳಂತ ನಿನಗ ಯಾರ ಹೇಳಿದ್ರು?"

"ಅವರು ಬಂದು ನೋಡೇ ನೋಡ್ತಿದ್ರಲ್ಲ?"

"ಬಂದಿದ್ರ, ಅಕಿ ಮಾತು ಕೇಳ್ತಿದ್ರು, ಮನಿ ನೋಡ್ತಿದ್ರು, ಮಗ್ಗದಾಗ ಅಕಿ ಕೈ ನೋಡ್ತಿದ್ರು. ಮೂರ ಮಂದಿ ಹೋದ್ರು, ನಾಕನೇದಾವ್ರು ಒಪ್ಪತಿದ್ರೇನೋ. ನೀ ಅವರು ಬರೂ ಬಾಗಿಲಾನ ಹಾಕಿದಿ." ಗಾಳೆವ್ವನ ದನಿ ಒಮ್ಮೆಲೇ ಇಳಿಯಿತು. "ಕಪ್ಪ ಅಂತ ಅಂದಿದ್ರೂ ಚಿಂತಿ ಇರ್ಲಿಲ್ಲ. ಏನೂ ಅನ್ನದ ಹಾಂಗ ಕಳಿಸ್ಯಾರ."

ನಜೀರಸಾಬ ಕೈ ಮುಗಿದ. ತಪ್ಪಾಯಿತು, ಬೇರೆ ಫೋಟೊ ಮಾಡಿಕೊಡುತ್ತೇವೆ ಎಂದ. ಗಾಳೆವ್ವ ಹೋದ ಮೇಲೆ ಮಗಳ ಕಡೆ ತಿರುಗಿ, ಅಂಗಡಿಯಲ್ಲಿ ಯಾರೂ ಇಲ್ಲದಿದ್ದರೂ ಕನ್ನಡದಲ್ಲೇ ಹೇಳಿದ, "ನಿನ್ನ ವಿದ್ಯಾ ಚಲೋ ಐತಿ, ಬೇಟಾ. ಕೇಳದವರಿಗೆ ಯಾಕ ಕೊಟ್ಟಿ?"

"ಶೈಲಶ್ರೀ ಕೇಳಿದ್ಲು."

"ಲಗ್ನ ಕೇಳೂದು ಅಕಿ ಅಲ್ಲಲ್ಲ."

ತಬಸ್ಸುಮಳಿಗೆ ಮೈಯೆಲ್ಲ ಉರಿದುಹೋಯಿತು. ನರಗುಂದದವರ ಮೇಲೆ ಸಿಟ್ಟು, ಗಾಳೆವ್ವನ ಮೇಲೆ ಸಿಟ್ಟು, ಗದಗಿನ ಲ್ಯಾಬಿನವನ ಮೇಲೂ ಸಿಟ್ಟು. ಅಷ್ಟು ಚೆನ್ನಾಗಿ ಬಂದಿದ್ದ ಫೋಟೊ! ಅದರ ಮೇಲೆ ಯಾರದೋ ಹೆಬ್ಬೆರಳಿನ ಎಣ್ಣೆಯ ಗುರುತು ಬಿದ್ದಿತ್ತು. ಅವಳು ಸೆರಗಿನಿಂದ ಒರೆಸಿದಳು, ಅದು ಹೋಗಲಿಲ್ಲ. ಆಲ್ಬಮ್ಮುಗಳ ಕೆಲಸಕ್ಕೆ ಕೂತಳು, ಕೈ ನಡೆಯಲಿಲ್ಲ.

ಮರುದಿನ ಶೈಲಶ್ರೀ ಬಂದಳು. ಮಗ್ಗದಿಂದ ಎದ್ದು ನೇರವಾಗಿ ಬಂದಿರಬೇಕು, ಸೀರೆಯ ತುಂಬ ನೂಲಿನ ಎಳೆಗಳಿದ್ದವು. ಪರದೆ ಸರಿಸಿ ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು.

"ಸಿಟ್ಟಾಗೀಯೇನ?" ಎಂದು ಕೇಳಿದಳು ತಬಸ್ಸುಮ.

"ಇಲ್ಲ. ನಾನ ಕೇಳಿದ್ದಲ್ಲ?" ಶೈಲಶ್ರೀ ತೊಡೆಯ ಮೇಲಿನ ಎಳೆಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದಳು. "ಸೂಡಿಯಾವ್ರು ಬ್ಯಾಡ ಅಂದಾಗ ನಾ ಅತ್ತಿಲ್ಲ. ನರೇಗಲ್ಲಿನವರು ಅಂದಾಗೂ ಅತ್ತಿಲ್ಲ. ಫೋಟೊ ಸುಳ್ಳ ಹೇಳಿತ್ತು, ಅವ್ರಿಗೆ ಸಿಟ್ಟ ಬಂತು, ಹೋದ್ರು ಅಂತಿದ್ದೆ. ಅವ್ರು ಬ್ಯಾಡ ಅಂದದ್ದು ಆ ಫೋಟೋಕ್ಕ, ನನಗಲ್ಲ ಅಂತ ತಿಳಕೊಂಡು ಮಗ್ಗಕ್ಕ ಕುಂದರತಿದ್ದೆ."

ತಬಸ್ಸುಮ ಕುರ್ಚಿಯನ್ನು ಅವಳ ಕಡೆ ತಿರುಗಿಸಿದಳು.

"ಈ ಸಲ ಫೋಟೊ ಖರೇ ಇತ್ತು. ಇನ್ನ ತಪ್ಪ ಯಾರ ಮ್ಯಾಲೆ ಹಾಕ್ಲಿ?"

"ಅವರಿಗೆ ಕಣ್ಣಿಲ್ಲ," ಎಂದಳು ತಬಸ್ಸುಮ. "ಅಂಥಾ ಫೋಟೊ ನಾ ಈ ಅಂಗಡ್ಯಾಗ ಯಾರ್ದೂ ಮಾಡಿಲ್ಲ. ಖರೇ ಹೇಳಾಕತ್ತೇನಿ. ಎಷ್ಟ ಚಂದ ಇದ್ದಿ ಗೊತ್ತೈತೇನ ಅದರಾಗ?"

"ನಿನಗೇನವ್ವಾ, ನೀ ಬೆಳ್ಳಗದಿ," ಎಂದಳು ಶೈಲಶ್ರೀ. ಅದರಲ್ಲಿ ಕುಹಕವಿರಲಿಲ್ಲ. "ಖರೇ ಮಾತು ನಿನಗ ನಡೀತೈತಿ."

ತಬಸ್ಸುಮ ಮೇಜಿನ ಮೇಲಿದ್ದ ಆ ನಾಲ್ಕು ಹಾಳೆಗಳನ್ನು ಮಡಚಿ ಬದಿಗೆ ಇಟ್ಟಳು.

"ರೋಣದಾವ್ರು ಕೇಳ್ಯಾರ," ಎಂದಳು ಶೈಲಶ್ರೀ. "ದೀಪಾವಳಿಗೆ ಇನ್ನ ಹತ್ತ ದಿನ ಐತಿ. ಅದ ಫೋಟೊ ಕಂಪ್ಯೂಟರಿನ್ಯಾಗ ತೆಗಿ, ಬೆಳ್ಳಗ ಮಾಡು."

"ಬಂದು ನೋಡಿ ಮತ್ತ ಹೋಗ್ತಾರಲ್ಲ ಶೈಲಾ?"

"ಹೋಗ್ಲಿ. ಬರ್ತಾರಲ್ಲ."

ತಬಸ್ಸುಮ ಹಲ್ಲು ಕಚ್ಚಿ ಚಿತ್ರ ತೆರೆದಳು. ತಾನು ದಿನಗಟ್ಟಲೆ ಒದ್ದಾಡಿ ಕಟ್ಟಿದ ಮುಸುಕಿನ ಪದರವನ್ನು ಮರೆಮಾಡಲು ಒಂದೇ ಒಂದು ಕ್ಲಿಕ್ ಸಾಕಾಯಿತು. ಬೆಳಕಿನ ಗುಂಡಿಯನ್ನು ಹಿಡಿದು ಬಲಕ್ಕೆ ಎಳೆದಳು. ಗೆಳತಿಯ ಮುಖ ನೋಡದೆ, "ಸಾಕೇನ?" ಎಂದು ಕೇಳಿದಳು.

ಶೈಲಶ್ರೀ ತೆರೆಯ ಮೇಲಿನ ತನ್ನನ್ನು ನೋಡಿದಳು. ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೂ ಸ್ವಲ್ಪ," ಎಂದಳು.